ನೂರಕ್ಕೆ ನೂರರ ಸಾಕ್ಷಿ

ಗುರುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಯಾನ್ ಶೌಟಿಯೆನ್ ತನ್ನ ತಪ್ಪೊಪ್ಪಿಗೆಯ ಕೊನೆಯ ಪುಟಕ್ಕೆ ಕೆಂಪು ಶಾಯಿಯ ಹೆಬ್ಬೆಟ್ಟು ಒತ್ತಿದ.

ಐದು ಗಂಟೆಗೆ ಬಂಧನಗೃಹದ ವ್ಯಾನು ಬರಬೇಕಿತ್ತು. ಅವನೂ ಅವನ ಫೈಲೂ ಒಟ್ಟಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಫೈಲು ಒಮ್ಮೆ ಪ್ರಾಸಿಕ್ಯೂಟರರ ಮೇಜು ಸೇರಿತೆಂದರೆ ಅರವತ್ತೆರಡು ವರ್ಷದ ಆ ಕಾವಲುಗಾರ ಕಡಿಮೆಯೆಂದರೂ ಮೂರು ವರ್ಷ ಮನೆಯ ಬಾಗಿಲು ಕಾಣುವುದಿಲ್ಲ.

ಮಂಗಳವಾರ ಬೆಳಿಗ್ಗೆ ಆರು ನಲವತ್ತೆಂಟಕ್ಕೆ ಬಾಯ್‌ಶಿಪು ಊರಿನ ಪಶ್ಚಿಮ ರಸ್ತೆಯಲ್ಲಿ ಕಸ ಗುಡಿಸುತ್ತಿದ್ದ ತು ಲಿಯೆನ್‌ಹುವಾಳಿಗೆ ಮರಳು ಡಿಪೋದ ಚಿಕ್ಕ ಟ್ರಕ್ಕೊಂದು ಗುದ್ದಿ, ನಿಲ್ಲದೆ ಹೋಗಿತ್ತು. ಒಂಬತ್ತೂ ಇಪ್ಪತ್ತಕ್ಕೆ ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹನ್ನೊಂದಕ್ಕೆ ಡಿಪೋ ಕಾವಲುಗಾರ ಯಾನ್ ತಾನಾಗಿ ಠಾಣೆಗೆ ಬಂದು, ಓಡಿಸಿದ್ದು ನಾನೇ ಎಂದ.

ಅಪಘಾತ ವಿಭಾಗದ ತನಿಖಾಧಿಕಾರಿ ಮೋ ಜಿಂಗ್‌ಯಿ ಆ ಏಳು ಪುಟಗಳನ್ನು ಮತ್ತೊಮ್ಮೆ ಓದಿದ. ಮೂರನೆಯ ಪುಟದ ಒಂದು ಸಾಲಿನ ಕೆಳಗೆ ಅವನು ಮೊದಲ ಓದಿನಲ್ಲೇ ಪೆನ್ಸಿಲ್ ಗೆರೆ ಎಳೆದಿದ್ದ. 'ತಿರುವು ದಾಟಿದ ಮೇಲೆ ಮೂರನೇ ಗೇರಿಗೆ ಹಾಕಿದೆ.'

ಆ ಟ್ರಕ್ಕು ಬ್ಯಾಟರಿಯದು. ಅದಕ್ಕೆ ಗೇರು ಹಾಕುವ ಕೋಲೇ ಇಲ್ಲ. ಮುಂದಕ್ಕೆ, ಹಿಂದಕ್ಕೆ ಎಂದು ತಿರುಗಿಸುವ ಒಂದು ಗುಂಡಿ ಮಾತ್ರ ಇದೆ.

ಇದನ್ನು ಮೋ ಬುಧವಾರವೇ ಮೇಲಿನವರಿಗೆ ಹೇಳಿದ್ದ. ಮುದುಕ ಗಾಬರಿಯಲ್ಲಿ ಏನೋ ಹೇಳಿರುತ್ತಾನೆ, ತಪ್ಪೊಪ್ಪಿಗೆ ಇದೆ, ಲೈಸೆನ್ಸ್ ಇದೆ, ಗಾಡಿ ಸಿಕ್ಕಿದೆ, ಇನ್ನೇನು ಬೇಕು ಎಂದು ಅಲ್ಲಿಂದ ಉತ್ತರ ಬಂದಿತ್ತು. ರಸ್ತೆಯ ಕ್ಯಾಮೆರಾದಲ್ಲಿ ಗಾಡಿಯ ನಂಬರು ಸ್ಪಷ್ಟವಾಗಿತ್ತು. ಮುಂಗಾಜಿನ ಮೇಲೆ ಎಳೆಬಿಸಿಲು ಬಿದ್ದು ಒಳಗೆ ಕೂತವರು ಮಾತ್ರ ಬಿಳಿಯ ಕಲೆಯಾಗಿದ್ದರು.

ಮೂರೂಕಾಲಿಗೆ ಚಿಯು ಬಂದಳು. ಠಾಣೆಯ ಕೆಳ ಅಂತಸ್ತಿನಲ್ಲಿ ದಂಡದ ಅಂಕಗಳ ಕಿಟಕಿ ನೋಡಿಕೊಳ್ಳುವವಳು; ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ. ಸಂಚಾರದ ತಪ್ಪಿಗೆ ಲೈಸೆನ್ಸಿನ ಮೇಲೆ ಬೀಳುವ ಅಂಕ ವರ್ಷದಲ್ಲಿ ಹನ್ನೆರಡು ತುಂಬಿದರೆ ಲೈಸೆನ್ಸ್ ಹೋಗುತ್ತದೆ ಎಂಬುದು ಈ ಊರಿನಲ್ಲಿ ದೊಡ್ಡವರ ಹೆಸರಿಗಿಂತ ಹೆಚ್ಚು ಜನಕ್ಕೆ ಗೊತ್ತಿರುವ ಸಂಗತಿ. ಆ ಅಂಕ ಇಳಿಸಿಕೊಳ್ಳುವ ದಾರಿಯೂ ಗೊತ್ತು. ಫೋನಿನಲ್ಲಿ ಅರ್ಧ ಗಂಟೆ ಸಂಚಾರ ಕಾನೂನಿನ ಪಾಠ ನೋಡಬೇಕು. ನಡುನಡುವೆ ಫೋನು ಕೇಳಿದಾಗ ಮುಖ ತೋರಿಸಿ ಕಣ್ಣು ಮಿಟುಕಿಸಬೇಕು. ಕೊನೆಗೆ ಇಪ್ಪತ್ತು ಪ್ರಶ್ನೆ. ಹದಿನೆಂಟು ಸರಿಯಾದರೆ ಒಂದು ಅಂಕ ಇಳಿಯುತ್ತದೆ. ವರ್ಷಕ್ಕೆ ಆರರ ತನಕ ಹೀಗೆ ತೊಳೆದುಕೊಳ್ಳಬಹುದು.

ಚಾಲಕರಿಗೆ ಕಾನೂನು ಕಲಿಸಲೆಂದು ಮಾಡಿದ ವ್ಯವಸ್ಥೆ ಅದು. ಕೆಲವರು ಅದರಿಂದ ಕಲಿತದ್ದು ವ್ಯಾಪಾರ.

ಚಿಯು ಯಾನ್‌ನ ಲೈಸೆನ್ಸಿನ ದಾಖಲೆ ಮೇಜಿನ ಮೇಲೆ ಹರಡಿದಳು. ಲೈಸೆನ್ಸಿಗೆ ಇಪ್ಪತ್ತೆರಡು ವರ್ಷ. ಕಳೆದ ಮಾರ್ಚಿನ ಒಂದು ಬೆಳಿಗ್ಗೆ ಹತ್ತೂ ಹತ್ತಕ್ಕೆ ಅದು ಒಂದು ಪಟ್ಟಣದಲ್ಲಿ ಕೆಂಪು ದೀಪ ದಾಟಿತ್ತು. ಅದೇ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಮುನ್ನೂರು ಕಿಲೋಮೀಟರ್ ಆಚೆ ಇನ್ನೊಂದು ಗಾಡಿಯಲ್ಲಿ ವೇಗದ ಮಿತಿ ಮೀರಿತ್ತು.

"ಈ ಯಜಮಾನರಿಗೆ ರೆಕ್ಕೆ ಇರಬೇಕು, ಮೋ ಅಣ್ಣ," ಎಂದಳು.

ಯಾನ್ ಅಂಥ ಊರುಗಳನ್ನು ಕಂಡೇ ಇರಲಿಲ್ಲ. ಕ್ಯಾಮೆರಾಕ್ಕೆ ಸಿಕ್ಕಿಬಿದ್ದವರು ತಮ್ಮ ಅಂಕಗಳನ್ನು ಅವನ ಲೈಸೆನ್ಸಿನ ತಲೆಗೆ ಕಟ್ಟಿದ್ದರು. ಕಟ್ಟಿಸಿದವನು ಮರಳು ಡಿಪೋದ ಮಾಲೀಕ ಕೌ ಜಿನ್‌ಶಾನ್. ಅಂಕ ತುಂಬುತ್ತ ಬಂದಂತೆ ಮುದುಕನನ್ನು ಫೋನಿನ ಮುಂದೆ ಕೂರಿಸಿ ಪಾಠ ಮಾಡಿಸುವುದು, ಇಳಿದ ಜಾಗಕ್ಕೆ ಮತ್ತೆ ಬೇರೆಯವರ ಅಂಕ ಸುರಿಯುವುದು. ಖಾಲಿ ಡಬ್ಬ ತುಂಬಿಸಿದ ಹಾಗೆ. ಓಡಿಸದೇ ಇದ್ದ ಗಾಡಿಗಳ ತಪ್ಪಿಗೆ ಯಾನ್ ವರ್ಷಕ್ಕೆ ಆರು ಸಲ ಕಾನೂನು ಕಲಿಯುತ್ತಿದ್ದ.

"ಅಂಕ ಹೊತ್ತವನ ಮೇಲೇ ಈಗ ಹೆಣವನ್ನೂ ಹೊರಿಸಿದ್ದಾರೆ," ಎಂದ ಮೋ. "ಕೌನನ್ನ ಕರೆಸು."

ಕರೆಸುವ ಅಗತ್ಯ ಬೀಳಲಿಲ್ಲ. ಕೌ ಆಗಲೇ ಕೆಳಗಿನ ಬೆಂಚಿನ ಮೇಲೆ ಕೂತಿದ್ದ.

ನಲವತ್ತನಾಲ್ಕರ ಪ್ರಾಯ, ಇಸ್ತ್ರಿ ಮಾಡಿದ ಕಾಲರು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಒಂದು ಹಾಳೆ. ತನ್ನ ಕೆಲಸಗಾರನಿಗೆ ಹೀಗಾಯಿತಲ್ಲ ಎಂದು ಮೂರು ದಿನದಿಂದ ಊಟ ಸೇರುತ್ತಿಲ್ಲ ಎಂದು ಅವನು ಕೂರುವ ಮೊದಲೇ ಹೇಳಿದ. ತುಟಿಯ ಅಂಚಿನಲ್ಲಿ ಮಧ್ಯಾಹ್ನದ ಶಾವಿಗೆಯ ಖಾರದೆಣ್ಣೆ ಇನ್ನೂ ಕೆಂಪಗೆ ಹೊಳೆಯುತ್ತಿತ್ತು.

"ಮೋ ಅಣ್ಣ, ನೀವು ನನ್ನ ಮೇಲೆ ಅನುಮಾನ ಪಡ್ತಿದ್ದೀರಿ ಅಂತ ಕೇಳಿದೆ. ಅದಕ್ಕೇ ತಂದೆ."

"ನಾನು ನಿಮ್ಮಣ್ಣ ಅಲ್ಲ. ಏನು ತಂದಿರಿ?"

ಹಾಳೆಯಲ್ಲಿದ್ದದ್ದು ಅವನ ಪಾಠದ ದಾಖಲೆ. ಅವನ ಲೈಸೆನ್ಸಿನಲ್ಲಿ ಒಂಬತ್ತು ಅಂಕ ಇದ್ದವು. ಊರಿಗೆಲ್ಲ ಬೇರೆಯವರ ತಲೆ ಹೊಂದಿಸಿಕೊಡುವವನು ತನ್ನ ಅಂಕವನ್ನು ಮಾತ್ರ ತಾನೇ ಇಳಿಸಿಕೊಳ್ಳುತ್ತಿದ್ದ. ತನ್ನ ಹೆಸರು ಚೊಕ್ಕಟವಾಗಿರಬೇಕು ಎಂಬ ಶಿಸ್ತು ಅವನಿಗಿತ್ತು. ಮಂಗಳವಾರ ಬೆಳಿಗ್ಗೆ ಆರು ಮೂವತ್ತೊಂದಕ್ಕೆ ಪಾಠ ಶುರು. ಏಳು ಗಂಟೆ ಒಂದು ನಿಮಿಷಕ್ಕೆ ಮುಕ್ತಾಯ. ನಡುವೆ ಮೂರು ಸಲ ಮುಖದ ತಪಾಸಣೆ, ಮೂರೂ ಪಾಸು. ಏಳೂ ಎರಡಕ್ಕೆ ಪರೀಕ್ಷೆ. ಇಪ್ಪತ್ತಕ್ಕೆ ಇಪ್ಪತ್ತು. ನೂರಕ್ಕೆ ನೂರು.

ಆ ಹೊತ್ತಿಗೆ ಮನೆಯ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದೆ ಎಂದ ಕೌ. ಸರ್ಕಾರದ ಯಂತ್ರವೇ ತನ್ನ ಮುಖ ನೋಡಿದೆ, ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ ಎಂದ.

ಮೋ ಹಾಳೆಯನ್ನು ಹೊದಿಕೆಯಿಂದ ತೆಗೆದು ಎರಡೂ ಬದಿ ನೋಡಿದ.

"ನೂರಕ್ಕೆ ನೂರು. ಓದಿನಲ್ಲಿ ಚುರುಕು ನೀವು."

"ಕಾನೂನು ಅಂದ್ರೆ ಮೊದಲಿಂದ್ಲೂ ಇಷ್ಟ."

"ಸಂತೋಷ. ಒಂದೆರಡು ಕೇಳ್ತೀನಿ. ನೀವು ಅವತ್ತು ಉತ್ತರ ಕೊಟ್ಟ ಪ್ರಶ್ನೆಗಳೇ."

ಯಾನ್‌ನ ದಾಖಲೆಯ ಜೊತೆಗೆ ಕೌನದನ್ನೂ ಹುಡುಕಿದ್ದ ಚಿಯು ಆ ಇಪ್ಪತ್ತನ್ನೂ ಮುದ್ರಿಸಿ ಇಟ್ಟಿದ್ದಳು. ಮೋ ಮೊದಲನೆಯದನ್ನು ಓದಿದ. ಊರ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ಎಚ್ಚರಿಕೆಯ ತ್ರಿಕೋನವನ್ನು ಎಷ್ಟು ದೂರ ಹಿಂದೆ ಇಡಬೇಕು?

"ಹತ್ತಿಪ್ಪತ್ತು ಹೆಜ್ಜೆ," ಎಂದ ಕೌ.

"ಐವತ್ತರಿಂದ ನೂರು ಮೀಟರ್. ಮುಂದಿನದು. ಹಳದಿ ದೀಪ ಮಿಟುಕ್ತಾ ಇದ್ರೆ?"

"ಬೇಗ ದಾಟಬೇಕು."

ಚಿಯು ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾದರೆ ಚಾಲಕ ಮೊದಲು ಮಾಡಬೇಕಾದ್ದು ಏನು?"

ಕೌ ಇದಕ್ಕೆ ಸ್ವಲ್ಪ ಯೋಚಿಸಿದ. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡುವುದು ಎಂದ. ಮೋ ಬರೆದುಕೊಳ್ಳುವುದನ್ನು ಕಂಡು, ಪರಿಚಯದವರು ಇದ್ದರೆ ಅವರಿಗೂ, ಎಂದು ಸೇರಿಸಿದ.

ಏಳು ಪ್ರಶ್ನೆಗಳಲ್ಲಿ ಅವನು ಎರಡಕ್ಕೆ ಸರಿ ಉತ್ತರ ಕೊಟ್ಟ. ಆ ಎರಡರಲ್ಲೊಂದು, ಓಡಿಸುವಾಗ ಫೋನು ಹಿಡಿಯಬಹುದೋ ಇಲ್ಲವೋ ಎಂಬುದು. ಮೊದಲು ಹಿಡಿಯಬಹುದು ಎಂದವನು ಚಿಯುಳ ಮುಖ ನೋಡಿ ಮಾತು ಬದಲಿಸಿದ್ದ.

"ಎರಡು ದಿನದಲ್ಲಿ ಮರೆತೋಯ್ತು," ಎಂದ. "ವಯಸ್ಸಾಯ್ತಲ್ಲ."

"ಇಪ್ಪತ್ತು ಪ್ರಶ್ನೆ ಎರಡು ನಿಮಿಷ ಒಂಬತ್ತು ಸೆಕೆಂಡಿನಲ್ಲಿ ಮುಗಿಸಿದ್ದೀರಿ. ನಿಮಗೆ ಅವನ್ನ ಓದೋಕೇ ಅಷ್ಟು ಹೊತ್ತು ಸಾಲಲ್ಲ. ಇರಲಿ. ಇದನ್ನ ನೋಡಿ."

ಪ್ರಾಂತ್ಯದ ಕಚೇರಿಯಿಂದ ಮಧ್ಯಾಹ್ನ ತರಿಸಿಕೊಂಡ ಮೂರು ಚಿತ್ರಗಳನ್ನು ಮೋ ಸಾಲಾಗಿ ಇಟ್ಟ. ಮುಖದ ತಪಾಸಣೆಯಲ್ಲಿ ಫೋನೇ ತೆಗೆದವು. ಮೂರರಲ್ಲೂ ಕೌನ ಮುಖ, ಅದರ ಹಿಂದೆ ಕಪ್ಪು ದಿಂಬಿನಂಥದ್ದು. ಆರು ಮೂವತ್ತೇಳರದರಲ್ಲಿ ಬಿಸಿಲು ಒಂದು ಕೆನ್ನೆಯ ಮೇಲೆ. ಆರು ನಲವತ್ತೆಂಟರದರಲ್ಲಿ ಇನ್ನೊಂದು ಕೆನ್ನೆಯ ಮೇಲೆ. ಆರು ಐವತ್ತೇಳರದರಲ್ಲಿ ಎಲ್ಲಿಯೂ ಇಲ್ಲ.

"ನಿಮ್ಮ ಸೋಫಾ ತಿರುಗುತ್ತಾ, ಕೌ ಯಜಮಾನ್ರೇ?"

ಕೌ ಚಿತ್ರಗಳನ್ನು ನೋಡಿದ. ಮುಟ್ಟಲಿಲ್ಲ.

ಮೋ ನಡುವಿನ ಚಿತ್ರದ ಮೇಲೆ ಬೆರಳಿಟ್ಟ. ರಸ್ತೆಯ ಕ್ಯಾಮೆರಾದ ಪ್ರಕಾರ ತು ಲಿಯೆನ್‌ಹುವಾ ಬಿದ್ದದ್ದು ಆರು ನಲವತ್ತೆಂಟು ಮತ್ತು ಮೂರು ಸೆಕೆಂಡಿಗೆ. ಈ ಚಿತ್ರ ತೆಗೆದದ್ದು ಒಂಬತ್ತು ಸೆಕೆಂಡಿಗೆ. ಒಬ್ಬ ಹೆಂಗಸು ಪೊರಕೆಯ ಸಮೇತ ಡಾಂಬರಿನ ಮೇಲೆ ಹೊರಳಿ ಆರು ಸೆಕೆಂಡಾಗಿತ್ತು. ಈ ಮನುಷ್ಯ ಫೋನು ಹೇಳಿದಂತೆ ಗಲ್ಲ ಎತ್ತಿ, ನೇರ ನೋಡಿ, ಕಣ್ಣು ಮಿಟುಕಿಸಿದ್ದ. ಪಾಠ ತಪ್ಪಬಾರದಲ್ಲ. ಒಂದು ಅಂಕದ ಪ್ರಶ್ನೆ.

ಚಿತ್ರದಲ್ಲಿ ಗಾಬರಿಯ ಗುರುತಿರಲಿಲ್ಲ. ಪಾಸ್‌ಪೋರ್ಟಿಗೆ ತೆಗೆಸಿಕೊಂಡ ಹಾಗಿತ್ತು.

ಮೋ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕುಡಿದು ಗುದ್ದಿದವರನ್ನು ನೋಡಿದ್ದ, ನಿದ್ದೆಗೆಟ್ಟು ಗುದ್ದಿದವರನ್ನು, ಜಗಳವಾಡಿಕೊಂಡು ಗುದ್ದಿದವರನ್ನು ನೋಡಿದ್ದ. ಕಾನೂನಿನ ಪಾಠ ಕೇಳುತ್ತ ಗುದ್ದಿದವನನ್ನು ನೋಡಿರಲಿಲ್ಲ.

ಕೌ ಕುರ್ಚಿಗೆ ಒರಗಿದ. ಲೋಟದ ನೀರು ಕುಡಿದ. ನಂತರ ಅವನು ಮಾಡಿದ್ದನ್ನು ಮೋ ನಿರೀಕ್ಷಿಸಿರಲಿಲ್ಲ. ಅವನು ಒಪ್ಪಿಕೊಂಡ.

"ಆಯ್ತು. ಮನೇಲಿರ್ಲಿಲ್ಲ. ಗಾಡೀಲಿದ್ದೆ. ಪಕ್ಕದ ಸೀಟಲ್ಲಿ. ಸೀಟಲ್ಲಿ ಕೂತು ಪಾಠ ಕೇಳೋದು ಅಪರಾಧ ಅಂತ ಆ ಇಪ್ಪತ್ತು ಪ್ರಶ್ನೇಲಿ ಎಲ್ಲಾದ್ರೂ ಬರೆದಿದ್ಯಾ?"

ಎರಡೂ ಸೀಟಿನ ತಲೆದಿಂಬು ಒಂದೇ ಬಣ್ಣ, ಬೇಕಾದರೆ ಹೋಗಿ ನೋಡಿ ಎಂದ. ಓಡಿಸಿದ್ದು ಯಾನ್, ಅವನೇ ಹೇಳಿದ್ದಾನೆ, ಹೆಬ್ಬೆಟ್ಟೂ ಒತ್ತಿದ್ದಾನೆ. ತಾನು ಸುಳ್ಳು ಹೇಳಿದ್ದು ಹೆದರಿಕೆಯಿಂದ. ಅದಕ್ಕೆ ದಂಡ ಹಾಕಿ, ಕಟ್ಟುತ್ತೇನೆ.

ನಾಲ್ಕು ಗಂಟೆ ಐದು ನಿಮಿಷ. ಯಾನ್‌ನನ್ನು ಬಿಡಿಸಲು ಮೋ ಒಡೆದ ಸುಳ್ಳು ಯಾನ್‌ನ ತಪ್ಪೊಪ್ಪಿಗೆಗೆ ಕಣ್ಣಾರೆ ಕಂಡ ಸಾಕ್ಷಿಯೊಬ್ಬನನ್ನು ಒದಗಿಸಿತ್ತು.

ಮೋ ಚಿತ್ರಗಳನ್ನು ಒಟ್ಟು ಮಾಡಿದ. ದನಿ ಏರಿಸಲಿಲ್ಲ.

"ಪರೀಕ್ಷೆ ಬರೆದವರು ಯಾರು? ನೀವಂತೂ ಅಲ್ಲ."

ಇಲ್ಲಿ ಕೌನ ಮುಖ ಅರಳಿತು. ತನ್ನ ಅಂಗಡಿಯ ಒಳ್ಳೆಯ ಸರಕಿನ ಮಾತು ಬಂದಾಗ ವ್ಯಾಪಾರಿಗೆ ಆಗುವಂತೆ.

"ನಮ್ಮ ಸುಮೆಯ್. ಯಾನ್ ಹೆಂಡತಿ. ಅವಳ ಹೆಗಲ ಮೇಲೆ ಇರೋದು ತಲೆಯಲ್ಲ ಸ್ವಾಮಿ, ಇಡೀ ಪುಸ್ತಕ. ಪ್ರಶ್ನೆಯ ಮೊದಲ ನಾಲ್ಕು ಪದ ಓದಿದ್ರೆ ಸಾಕು, ಉತ್ತರ ಬಂತು. ಗಿರಾಕಿಗಳು ದೂರದಿಂದ ಫೋನಲ್ಲಿ ಓದ್ತಾರೆ, ಇವಳು ಈ ಕಡೆಯಿಂದ ಸರಿ, ತಪ್ಪು, ಒಂದನೇದು, ಮೂರನೇದು ಅಂತಾಳೆ. ಆರು ವರ್ಷದಿಂದ ಒಂದ್ಸಲನೂ ನೂರಕ್ಕೆ ಕಡಿಮೆ ಇಲ್ಲ."

"ಅವಳಿಗೆ ಲೈಸೆನ್ಸ್ ಇದೆಯಾ?"

"ಅವಳಿಗ್ಯಾಕೆ ಲೈಸೆನ್ಸು?" ಎಂದು ಕೌ ನಕ್ಕ.

ಈ ಊರಿನಲ್ಲಿ ಸಂಚಾರದ ಕಾನೂನು ಪೂರ್ತಿ ಗೊತ್ತಿದ್ದವಳು ಒಬ್ಬಳು. ಅವಳು ಗಾಡಿ ಓಡಿಸುವ ಹಾಗಿರಲಿಲ್ಲ.

"ಮಂಗಳವಾರನೂ ಫೋನಲ್ಲೇ ಹೇಳಿದ್ಲಾ?"

"ಇಲ್ಲ, ಇಲ್ಲ. ನನ್ನ ಪಕ್ಕದಲ್ಲೇ ಇದ್ಲು. ಡಿಪೋದಲ್ಲಿ ನಿಂತ ಕೂಡಲೇ ಫೋನ್ ಕೈಗೆ ಕೊಟ್ಟೆ, ಟಕಟಕ ಒತ್ತಿಬಿಟ್ಲು."

"ದಾರಿಯಲ್ಲೂ ಪಕ್ಕದಲ್ಲೇ?"

"ಹೂಂ. ಬೆಳಿಗ್ಗೆ ಮನೆಯಿಂದ ಹತ್ತಿಸ್ಕೊಂಡೇ ಬಂದೆ."

ಮೋ ಮೇಜಿನ ಖಾನೆಯಿಂದ ಟ್ರಕ್ಕಿನ ಒಳಭಾಗದ ಫೋಟೋ ತೆಗೆದು ಕೌನ ಮುಂದೆ ಇಟ್ಟ. ಸ್ಟೀರಿಂಗ್, ತಿರುಗಿಸುವ ಗುಂಡಿ, ಮತ್ತು ಎರಡು ಸೀಟು. ನಡುವೆ ಒಂದು ನೀರಿನ ಬಾಟಲಿ ಇಡುವಷ್ಟು ಜಾಗ.

"ನೀವು ಒಂದರಲ್ಲಿ. ಪಕ್ಕದಲ್ಲಿ ಸುಮೆಯ್. ಯಾನ್ ಎಲ್ಲಿ ಕೂತಿದ್ದ ಹೇಳಿ, ಬರ್ಕೊಳ್ತೀನಿ."

ಕೆಳಗೆ ಅಂಗಳದಲ್ಲಿ ಯಾರೋ ಮೋಟಾರು ಸೈಕಲ್ ಶುರು ಮಾಡಲು ಒದೆಯುತ್ತಿದ್ದರು. ಏಳನೆಯ ಒದೆತಕ್ಕೆ ಅದು ಶುರುವಾಯಿತು. ಅಷ್ಟು ಹೊತ್ತು ಕೌ ಫೋಟೋ ನೋಡುತ್ತಿದ್ದ.

ನಂತರ ಅವನು ನಿಟ್ಟುಸಿರು ಬಿಟ್ಟ. ಮುಖದ ಮೇಲೆ ಮರುಕದಂಥದ್ದನ್ನು ತಂದುಕೊಂಡ.

"ನಾನಾಗಿ ಹೇಳಬಾರದು ಅಂತಿದ್ದೆ. ಮುದುಕನ ಮೇಲೆ ಕರುಣೆ. ಓಡಿಸ್ತಿದ್ದದ್ದು ಸುಮೆಯ್. ಕಲೀತೀನಿ ಕಲೀತೀನಿ ಅಂತ ಪ್ರಾಣ ತಿಂತಿದ್ಲು, ಒಂದು ದಿನ ಕೊಟ್ಟೆ. ಹೀಗಾಯ್ತು. ಯಾನ್ ಬಂದು ಹೆಂಡತಿ ಪಾಪ ತಲೆ ಮೇಲೆ ಹಾಕ್ಕೊಂಡ. ಬರ್ಕೊಳ್ಳಿ."

ಅಷ್ಟು ಹೇಳಿ ತುಟಿ ಒರೆಸಿಕೊಂಡ. ಖಾರದೆಣ್ಣೆ ಹೋಯಿತು.

ಮುದುಕನನ್ನು ಕೊಟ್ಟಿದ್ದ. ಅವನು ಸಾಲದು ಎಂದಾಗ ಮುದುಕಿಯನ್ನು ಕೊಟ್ಟ. ಇನ್ನೂ ಯಾರಾದರೂ ಬೇಕೆಂದರೆ ಡಿಪೋದ ನಾಯಿಯನ್ನಾದರೂ ಕೊಡುತ್ತಿದ್ದ. ಮೋ ಎದ್ದು, ಈ ಮನುಷ್ಯನನ್ನು ಕೋಣೆಯಿಂದ ಹೊರಗೆ ಬಿಡಬೇಡಿ, ಫೋನು ತೆಗೆದುಕೊಳ್ಳಿ ಎಂದು ಬಾಗಿಲಲ್ಲಿದ್ದ ಪೇದೆಗೆ ಹೇಳಿದ.

ಸುಮೆಯ್ ಈಗ ಎಲ್ಲಿದ್ದಾಳೆ ಎಂದು ಕೇಳಿದ್ದಕ್ಕೆ ಕೌ ತನಗೆ ಗೊತ್ತಿಲ್ಲ ಎಂದ. ಅಷ್ಟು ಬೇಗ ಅವನು ಬೇರೆ ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ.

ನಾಲ್ಕೂ ಇಪ್ಪತ್ತೈದಕ್ಕೆ ಮೋ ಯಾನ್‌ನ ಎದುರು ಕುಳಿತ.

ಯಾನ್ ತೆಳ್ಳಗಿನ ಮನುಷ್ಯ. ಕಾವಲುಗಾರರ ದಪ್ಪ ಹಸಿರು ಕೋಟು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದ, ಹೊರಡಲು ಸಿದ್ಧನಾದವನಂತೆ. ಹೆಬ್ಬೆರಳಿನ ಕೆಂಪನ್ನು ಒರೆಸಿಕೊಂಡಿರಲಿಲ್ಲ. ಎದುರಿಗೆ ತಟ್ಟೆಯಲ್ಲಿ ಅನ್ನ, ಮೂಲಂಗಿ ಉಪ್ಪಿನಕಾಯಿ ತಣ್ಣಗಾಗಿದ್ದವು.

ಕೌ ಹೇಳಿದ್ದನ್ನು ಮೋ ಒಂದೂ ಬಿಡದೆ ಹೇಳಿದ. ಯಾನ್ ಕೊನೆಯ ತನಕ ಕೇಳಿದ. ಸುಮೆಯ್‌ಳ ಹೆಸರು ಬಂದಾಗ ಮಾತ್ರ ಕೋಟಿನ ಮಡಿಕೆಯನ್ನು ಇನ್ನೊಮ್ಮೆ ಸರಿ ಮಾಡಿದ.

"ಅಣ್ಣ, ಆ ಗಾಡಿಗೆ ಗೇರಿಲ್ಲ. ನೀವು ಅದನ್ನ ಓಡಿಸಿಲ್ಲ. ನಿಮ್ಮ ಹೆಂಡತಿ ಓಡಿಸಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

ನೋಡಿಲ್ಲ ಎಂದ ಯಾನ್. ನಂತರ ಮೆಲ್ಲಗೆ, ಬಿಟ್ಟು ಬಿಟ್ಟು, ನಡೆದದ್ದನ್ನು ಹೇಳಿದ. ಮಂಗಳವಾರ ಒಂಬತ್ತರ ಸುಮಾರಿಗೆ ಕೌ ಕಾವಲು ಕೋಣೆಗೆ ಬಂದ. ಸುಮೆಯ್ ಯಾರಿಗೋ ಗುದ್ದಿದ್ದಾಳೆ, ಅವಳಿಗೆ ಲೈಸೆನ್ಸಿಲ್ಲ, ಸಿಕ್ಕಿದರೆ ಶಿಕ್ಷೆ ದುಪ್ಪಟ್ಟು ಎಂದ. ನಿನಗೆ ಲೈಸೆನ್ಸಿದೆ, ಇಷ್ಟು ವರ್ಷ ಯಾರು ಯಾರದನ್ನೋ ಹೊತ್ತೆ, ಹೆಂಡತಿಯದನ್ನು ಹೊರಲಾರೆಯಾ ಎಂದ. ಅವಳನ್ನು ಒಂದು ಕಡೆ ಇಟ್ಟಿದ್ದೇನೆ, ಕ್ಷೇಮವಾಗಿದ್ದಾಳೆ, ಫೈಲು ಹೋದ ಮೇಲೆ ಮನೆಗೆ ಬರುತ್ತಾಳೆ ಎಂದ.

ಅಂದಿನಿಂದ ಯಾನ್ ಹೆಂಡತಿಯ ಮುಖ ನೋಡಿಲ್ಲ. ದನಿ ಕೇಳಿಲ್ಲ.

"ಅವಳಿಗೆ ಓಡಿಸೋಕೆ ಬರುತ್ತಾ?"

"ಡಿಪೋ ಒಳಗೆ ಎರಡು ಸುತ್ತು ಹಾಕಿದ್ಲು, ಹೋದ ತಿಂಗಳು. ಮೆಲ್ಲಗೆ. ಕೆಳಗಿಳಿದು ನಗ್ತಿದ್ಲು." ಯಾನ್ ನೆಲ ನೋಡಿದ. "ಪುಸ್ತಕದಲ್ಲಿರೋದೆಲ್ಲ ಗೊತ್ತು ಅವಳಿಗೆ. ಪಾದಚಾರಿ ಕಂಡ್ರೆ ನಿಲ್ಲಿಸ್ಬೇಕು ಅಂತ ಕನಸಲ್ಲೂ ಹೇಳ್ತಾಳೆ. ಗುದ್ದಿ ಹೋಗೋಳಲ್ಲ."

"ಹಾಗಾದ್ರೆ ಹೇಳಿಕೆ ವಾಪಸ್ ತಗೊಳ್ಳಿ. ಇನ್ನೂ ಅರ್ಧ ಗಂಟೆ ಇದೆ. ನೀವು ಒಂದು ಸಾಲು ಬರ್ಕೊಟ್ರೆ ಫೈಲು ನಿಲ್ಲಿಸೋ ಅಧಿಕಾರ ನನಗಿದೆ."

"ವಾಪಸ್ ತಗೊಂಡ್ರೆ ಯಾರನ್ನ ಹಿಡೀತೀರಿ?"

ಕೌನ ಹೊಸ ಹೇಳಿಕೆ ಮೇಲಿನ ಕೋಣೆಯಲ್ಲಿ ಟೈಪಾಗುತ್ತಿತ್ತು. ಯಾನ್ ಹೇಳಿಕೆ ಹಿಂತೆಗೆದ ಕ್ಷಣದಿಂದ ಆ ಹಾಳೆಯಲ್ಲಿ ಉಳಿಯುವ ಹೆಸರು ಸುಮೆಯ್‌ಳದು ಮಾತ್ರ.

"ಅವಳನ್ನ ನನ್ನ ಮುಂದೆ ತಂದು ನಿಲ್ಲಿಸಿ," ಎಂದ ಯಾನ್. "ಅವಳ ಬಾಯಿಂದ ಒಂದು ಮಾತು ಕೇಳಿದ್ರೆ ಸಾಕು. ಏಳು ಪುಟನೂ ನಾನೇ ಹರಿದು ಹಾಕ್ತೀನಿ. ಅಲ್ಲೀ ತನಕ ಓಡಿಸಿದ್ದು ನಾನೇ."

ಮೋ ಹೊರಗೆ ಬಂದಾಗ ಚಿಯು ಮೆಟ್ಟಿಲ ಬಳಿ ಕಾಯುತ್ತಿದ್ದಳು. ಗಡಿಯಾರದಲ್ಲಿ ನಾಲ್ಕೂ ನಲವತ್ತು.

ಕೌ ಹೇಳಿದ ಒಂದು ಮಾತು ಅವಳ ತಲೆಯಲ್ಲಿ ಕೂತಿತ್ತು: ಗಿರಾಕಿಗಳು ದೂರದಿಂದ ಓದುತ್ತಾರೆ. ಅವಳು ಕೆಳಗೆ ಹೋಗಿ ತನ್ನ ಯಂತ್ರದಲ್ಲಿ ಒಂದೇ ಒಂದು ಸಂಗತಿ ಹುಡುಕಿದ್ದಳು. ಈ ವಾರ ತಾಲೂಕಿನಲ್ಲಿ ಎರಡೂಕಾಲು ನಿಮಿಷದೊಳಗೆ ನೂರಕ್ಕೆ ನೂರು ತೆಗೆದವರು ಯಾರು. ಸಾಮಾನ್ಯ ಮನುಷ್ಯನಿಗೆ ಏಳೆಂಟು ನಿಮಿಷ ಬೇಕು. ಹಾಗಿದ್ದೂ ಒಂದೆರಡು ತಪ್ಪುತ್ತಾನೆ.

ಕೌನನ್ನು ಬಿಟ್ಟರೆ ಒಂಬತ್ತು ಜನ ಸಿಕ್ಕಿದ್ದರು. ಒಂಬತ್ತೂ ಮಂಗಳವಾರ ಮಧ್ಯಾಹ್ನದ ಮೇಲೆ. ಕೊನೆಯದು ಇವತ್ತು ನಾಲ್ಕೂ ಇಪ್ಪತ್ತೆರಡಕ್ಕೆ, ಕೌ ಮೇಲಿನ ಕೋಣೆಯಲ್ಲಿ ಕೂತಿದ್ದಾಗ.

"ಸುಮೆಯ್ ಎಲ್ಲೋ ಕೂತು ಕೆಲಸ ಮಾಡ್ತಾ ಇದ್ದಾಳೆ ಅಣ್ಣ. ಅಥವಾ ಮಾಡಿಸ್ತಾ ಇದ್ದಾರೆ. ಕೌ ಇಲ್ಲಿರೋದ್ರಿಂದ, ಬೇರೆ ಯಾರೋ."

ನಾಲ್ಕೂ ಇಪ್ಪತ್ತೆರಡರವನು ಬಸ್ ನಿಲ್ದಾಣದ ಎದುರಿನ ಹಲ್ಲಿನ ವೈದ್ಯ. ಚಿಯು ಅವನಿಗೆ ಆಗಲೇ ಫೋನ್ ಮಾಡಿದ್ದಳು. ಪರೀಕ್ಷೆಯಲ್ಲಿ ಮೋಸ ಮಾಡಿದವರ ಲೈಸೆನ್ಸ್ ಏನಾಗುತ್ತದೆ ಎಂದು ಒಂದೇ ವಾಕ್ಯದಲ್ಲಿ ತಿಳಿಸಿದ್ದಳು. ವೈದ್ಯ ಬಾಯಲ್ಲಿ ಹತ್ತಿ ತುರುಕಿಸಿಕೊಂಡಿದ್ದ ರೋಗಿಯನ್ನು ಹಾಗೇ ಬಿಟ್ಟು ಎದ್ದುಹೋಗಿ, ಒಂದು ನಂಬರನ್ನು ಎರಡು ಸಲ ಓದಿ ಹೇಳಿದ್ದ. ಹೆಂಗಸಿನ ಹೆಸರು ತನಗೆ ಗೊತ್ತಿಲ್ಲ, ಅವಳು ಬೇರೆ ಮಾತಾಡುವುದಿಲ್ಲ, ಪ್ರಶ್ನೆ ಓದಿ ಎನ್ನುತ್ತಾಳೆ ಅಷ್ಟೇ ಎಂದಿದ್ದ.

ನಂಬರು ಯಾರ ಹೆಸರಿನಲ್ಲಿದೆ, ಎಲ್ಲಿದೆ ಎಂದು ಕಂಪನಿಯಿಂದ ತಿಳಿಯಲು ಎರಡು ಗಂಟೆ ಬೇಕಿತ್ತು. ಇದ್ದದ್ದು ಹದಿನೆಂಟು ನಿಮಿಷ.

ಮೋ ಚಿಯುಳ ಕಿಟಕಿಯ ಹಿಂದಿನ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಸಿದ. ಪೊಲೀಸು ಎಂದು ಹೇಳಿದರೆ ಅವಳ ಪಕ್ಕದಲ್ಲಿರುವವನು ಫೋನು ಕಿತ್ತುಕೊಳ್ಳುತ್ತಾನೆ. ಹೆಸರು ಹಿಡಿದು ಕರೆದರೂ ಅವಳ ಮುಖ ಅದನ್ನು ಹೇಳಿಬಿಡುತ್ತದೆ. ಆ ತುದಿಯಲ್ಲಿ ಇರುವವನಿಗೆ ಕೇಳಿಸಬೇಕಾದದ್ದು ಅವನು ಮೂರು ದಿನದಿಂದ ಅವಳ ಬಾಯಿಂದ ಕೇಳುತ್ತಿರುವ ಮಾತು ಮಾತ್ರ: ಸರಿ, ತಪ್ಪು.

ಅವನು ಒಂದು ಹಾಳೆಯ ಮೇಲೆ ಮೂರು ಸಾಲು ಬರೆದುಕೊಂಡ. ಸರಿಯೋ ತಪ್ಪೋ ಎಂಬ ಮಾದರಿಯವು. ಚಿಯು ಅವನ್ನು ಓದಿ, ಏನೂ ಅನ್ನದೆ ತನ್ನ ಫೋನು ಕೊಟ್ಟಳು.

ನಾಲ್ಕೂ ಐವತ್ತೆರಡಕ್ಕೆ ಆ ಕಡೆ ಫೋನು ಎತ್ತಿದರು.

"ಒಂದನೇದು ಓದಿ," ಎಂದಿತು ಒಂದು ಹೆಂಗಸಿನ ದನಿ. ದಣಿದ, ಏರಿಳಿತವಿಲ್ಲದ ದನಿ.

ಮೋ ಹಲ್ಲಿನ ವೈದ್ಯನಷ್ಟೇ ತಡವರಿಸುತ್ತ ಓದಿದ. "ಮಂಗಳವಾರ ಪಶ್ಚಿಮ ರಸ್ತೆಯಲ್ಲಿ ಅಪಘಾತವಾದಾಗ ಗಾಡಿಯನ್ನು ಓಡಿಸುತ್ತಿದ್ದವನು ಯಾನ್ ಶೌಟಿಯೆನ್. ಸರಿಯೋ, ತಪ್ಪೋ?"

ಆ ತುದಿಯಲ್ಲಿ ಉಸಿರು ನಿಂತದ್ದು ಕೇಳಿಸಿತು. ಎಲ್ಲೋ ದೂರದಲ್ಲಿ ನೀರೆತ್ತುವ ಪಂಪಿನ ಸದ್ದಿತ್ತು.

"ತಪ್ಪು," ಎಂದಳು. ನಂತರ ಅದೇ ದನಿಯಲ್ಲಿ, "ಎರಡನೇದು ಓದಿ."

ಚಿಯು ಗೋಡೆಗೆ ಒರಗಿದಳು. ಮೋ ಎರಡನೆಯ ಸಾಲಿನ ಮೇಲೆ ಬೆರಳಿಟ್ಟ. ಇದರ ಉತ್ತರ ಅವನಿಗೆ ಗೊತ್ತಿತ್ತು. ಅದನ್ನು ಅವಳ ಬಾಯಿಂದ ಒಂದು ಸಲ ಕೇಳಿದರೆ, ಯಾನ್‌ಗೂ ಕೇಳಿಸಿದರೆ, ಆ ಏಳು ಪುಟ ಮುಗಿಯುತ್ತಿತ್ತು. ಚಿಯುಳ ಮೇಜಿನ ಮೇಲಿದ್ದ ಚಿಕ್ಕ ಯಂತ್ರ ಎರಡೂ ಕಡೆಯ ದನಿ ದಾಖಲು ಮಾಡಿಕೊಳ್ಳುತ್ತಿತ್ತು.

"ಗಾಡಿಯನ್ನು ಓಡಿಸುತ್ತಿದ್ದವನು ಅದರ ಮಾಲೀಕ ಕೌ ಜಿನ್‌ಶಾನ್. ಸರಿಯೋ, ತಪ್ಪೋ?"

ಈ ಸಲ ಅವಳು ಕಾಯಲಿಲ್ಲ.

"ತಪ್ಪು."

ಮೋ ಹಾಳೆಯಿಂದ ತಲೆ ಎತ್ತಿದ. ಚಿಯು ಅವನನ್ನೇ ನೋಡುತ್ತಿದ್ದಳು.

"ಮೂರನೇದು ಓದಿ," ಎಂದಳು ಸುಮೆಯ್.

ಮೂರನೆಯ ಸಾಲಿನಲ್ಲಿ ಇದ್ದದ್ದು ಅವಳದೇ ಹೆಸರು. ಕೇಳದೆ ಬಿಡುವ ಹಾಗಿದ್ದರೆ ಮೋ ಬಿಡುತ್ತಿದ್ದ. ಬೇರೆ ಯಾವ ದಾರಿಯೂ ಉಳಿದಿರಲಿಲ್ಲ. ಅವನು ಓದಿದ.

"ಗಾಡಿಯನ್ನು ಓಡಿಸುತ್ತಿದ್ದವಳು ಬಾವ್ ಸುಮೆಯ್. ಸರಿಯೋ, ತಪ್ಪೋ?"

ಪಂಪಿನ ಸದ್ದು ನಿಂತಿತು. ಅವಳ ಹತ್ತಿರದಲ್ಲೇ ಒಬ್ಬ ಗಂಡಸು, ಇದ್ಯಾವ ಗಿರಾಕಿ, ಪಟ್ಟಿಯಲ್ಲಿ ಹೆಸರೇ ಇಲ್ಲವಲ್ಲ ಎಂದು ಕೇಳಿದ. ಆ ದನಿ ಕೌನದಲ್ಲ. ಮೋ ಅದನ್ನು ಹಿಂದೆಂದೂ ಕೇಳಿರಲಿಲ್ಲ.

ನಾಲ್ಕೂ ಐವತ್ತನಾಲ್ಕಕ್ಕೆ ಸಂಪರ್ಕ ಕಡಿದುಹೋಯಿತು. ಮತ್ತೆ ಮಾಡಿದಾಗ ಆ ನಂಬರು ಬಂದ್ ಆಗಿತ್ತು.

ಮೋ ಧ್ವನಿಮುದ್ರಣವನ್ನು ಯಾನ್‌ನ ಕೋಣೆಗೆ ಒಯ್ದು ಪೂರ್ತಿ ಕೇಳಿಸಿದ. ಯಾನ್ ಹೆಂಡತಿಯ ದನಿಯನ್ನು ಕಣ್ಣು ಮುಚ್ಚಿಕೊಂಡು ಕೇಳಿದ. ಮೂರನೆಯದಕ್ಕೆ ಅವಳು ಏನು ಹೇಳಿದಳು ಎಂದು ಕೇಳಿದ. ಏನೂ ಹೇಳಲಿಲ್ಲ ಎಂದು ಮೋ ಹೇಳಬೇಕಾಯಿತು. "ಅವಳು ತಪ್ಪು ಅನ್ನದೆ ಬಿಟ್ಟದ್ದು ಅವಳ ಹೆಸರನ್ನ ಮಾತ್ರ, ಹಾಗಾದ್ರೆ ಓಡಿಸಿದ್ದು ನಾನೇ," ಎಂದ ಯಾನ್.

ವ್ಯಾನು ಐದು ಗಂಟೆಗೆ ಸರಿಯಾಗಿ ಬಂತು. ಯಾನ್ ಹಸಿರು ಕೋಟು ತೊಟ್ಟುಕೊಂಡು, ಯಾರೂ ಕೈ ಹಿಡಿಯದೆ, ತಾನೇ ಹೋಗಿ ಹತ್ತಿ ಕುಳಿತ.